ಹತ್ತೊಂಬತ್ತನೆಯ ತಿರುವು

ಫೆಬ್ರುವರಿ 10, ಸೋಮವಾರ

ಮೂವತ್ತನಾಲ್ಕು ವರ್ಷ ಸೈಟ್ ಡೈರಿ ಬರೆದಿದ್ದೇನೆ. ಎಲ್ಲವೂ ಇಂಗ್ಲಿಷಿನಲ್ಲಿ, ಎಲ್ಲವೂ ಮೇಲಿನವರು ಓದಲಿ ಎಂದು. ಇದು ಕನ್ನಡದಲ್ಲಿ. ಮರೆತು ಆಫೀಸಿನಲ್ಲಿ ಬಿಟ್ಟುಬಂದರೂ ಓದಬಲ್ಲವನು ರಾಘವ್ ಒಬ್ಬನೇ, ಅವನಿಗೆ ನನ್ನ ಕೈಬರಹ ಬಿಡಿಸಿ ಓದುವಷ್ಟು ತಾಳ್ಮೆ ಇಲ್ಲ. ಹಾಗಾಗಿ ಇಲ್ಲಿ ಮನಸಾರೆ ಬೈಯಬಹುದು.

ಇವತ್ತು ಬೈಯುವುದಕ್ಕೆ ಬೇಕಾದಷ್ಟಿದೆ. ಸೇಂಟ್ ಓರೆಲ್ ದ್ವೀಪದ ರಸ್ತೆಯ ನಕ್ಷೆಗಳು ತಪಾಸಣೆಗೆಂದು ನನ್ನ ಮೇಜಿಗೆ ಬಂದವು. ಕೆರಿಬಿಯನ್ ಸಮುದ್ರದಲ್ಲಿ ಅಂಗೈಯಗಲದ ದ್ವೀಪ, ನಡುವೆ ಒಂದು ಬೆಟ್ಟ. ಬಂದರಿನಿಂದ ಬೆಟ್ಟದ ಮೇಲಿನ ಮಾರ್ನ್ ಬೆಲ್ ಎಂಬ ಹಳ್ಳಿಗೆ ಹದಿನಾಲ್ಕು ಕಿಲೋಮೀಟರ್, ನಲವತ್ತೊಂದು ತಿರುವು. ಕೆಳಗಿನಿಂದ ಮೇಲಕ್ಕೆ ನಂಬರು ಹಾಕಿದ್ದಾರೆ. ಎರಡು ವರ್ಷದ ಹಿಂದೆ ಹತ್ತೊಂಬತ್ತನೆಯ ತಿರುವಿನಲ್ಲಿ, ಇಳಿಯುತ್ತಿದ್ದ ಸ್ಕೂಲ್ ವ್ಯಾನಿನ ಬ್ರೇಕು ಹೋಗಿ ವ್ಯಾನು ಕಣಿವೆಗೆ ಬಿತ್ತು. ಡ್ರೈವರ್ ಸತ್ತ, ಇಬ್ಬರು ಮಕ್ಕಳು ಸತ್ತರು. ಅವತ್ತಿನಿಂದ ಆ ಹಳ್ಳಿಗೆ ಸ್ಕೂಲ್ ವ್ಯಾನಿಲ್ಲ. ಮಕ್ಕಳು ವಾರಪೂರ್ತಿ ಬಂದರಿನಲ್ಲಿ ನೆಂಟರಿಷ್ಟರ ಮನೆಯಲ್ಲಿದ್ದು ಓದುತ್ತವಂತೆ. ರಸ್ತೆ ಸರಿಹೋದರೆ ಸೆಪ್ಟೆಂಬರಿನಿಂದ ವ್ಯಾನು ಮತ್ತೆ ಓಡುತ್ತದೆ.

ಇಷ್ಟೆಲ್ಲ ಓದಿ ನಕ್ಷೆ ಬಿಚ್ಚಿದರೆ ಏನಿದೆ? ಡಾಂಬರು, ಬಿಳಿ ಗೆರೆ, ಬಾಣದ ಬೋರ್ಡು, ತಿರುವಿನಂಚಿಗೊಂದು ಕಬ್ಬಿಣದ ಗಾರ್ಡ್‌ರೈಲು. ಬ್ರೇಕು ಹೋದ ಗಾಡಿ ಏನು ಮಾಡಬೇಕು? ಬಾಣದ ಗುರುತು ನೋಡಿಕೊಂಡು ಬೀಳಬೇಕೇ?

ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ರಾಘವ್ ನವೆಂಬರಿನಲ್ಲಿ ಮೂರು ದಿನ ಹೋಗಿ ಬಂದಿದ್ದಾನೆ. ಡ್ರೋನ್ ಹಾರಿಸಿದ್ದಾನೆ, ಸಮುದ್ರದ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದಾನೆ. ಕೊಳ್ಳೇಗಾಲದ ಪಿ.ಡಬ್ಲ್ಯೂ.ಡಿ. ಸಬ್‌ಡಿವಿಷನ್ನಿನಲ್ಲಿ ಐದು ವರ್ಷ ಇದ್ದು, ಮಾದಪ್ಪನ ಬೆಟ್ಟದ ದಾರಿಯಲ್ಲಿ ಚಪ್ಪಲಿ ಸವೆಸಿದ ನಾನು ಇಲ್ಲಿ ಕೆನಡಾದ ವುಡ್‌ಬ್ರಿಡ್ಜ್‌ನ ಗೋದಾಮುಗಳ ನಡುವೆ ಕೂತು ಗೆರೆ ಎಣಿಸಬೇಕು. ಬೆಟ್ಟದ ರಸ್ತೆ ಎಂದರೇನು ಎಂದು ಈ ಆಫೀಸಿನಲ್ಲಿ ನನ್ನನ್ನು ಬಿಟ್ಟು ಒಬ್ಬರಿಗೂ ಗೊತ್ತಿಲ್ಲ.

ಫೆಬ್ರುವರಿ 13, ಗುರುವಾರ

ರಾತ್ರಿಯೆಲ್ಲ ಹಿಮ ಸುರಿದಿತ್ತು. ಇವರನ್ನು ಹಲ್ಲಿನ ಡಾಕ್ಟರ ಹತ್ತಿರ ಬಿಟ್ಟು ಆಫೀಸಿಗೆ ಹೋಗೋಣವೆಂದು ಕಾರಿನ ಹಿಮ ಕೆರೆದು ತಿರುಗಿದರೆ, ನಮ್ಮ ಯಜಮಾನರು ಶ್ರೀಕಂಠರಾಯರು ಸ್ಟಿಯರಿಂಗ್ ಕಡೆಯ ಬಾಗಿಲ ಮುಂದೆ ನಿಂತಿದ್ದಾರೆ. ಈ ದೇಶಕ್ಕೆ ಬಂದು ಇಪ್ಪತ್ತೊಂಬತ್ತು ವರ್ಷ ಆಯಿತು. ಒಂದು ದಿನವೂ ಕಾರು ಓಡಿಸಲಿಲ್ಲ, ಕಲಿಯಲೂ ಇಲ್ಲ. ಇನ್ನೂ ಮೈಸೂರಿನ ಅಂಬಾಸಿಡರ್ ಹತ್ತುವವರ ಹಾಗೆ ಎಡಗಡೆಗೆ ಹೋಗಿ ನಿಲ್ಲುತ್ತಾರೆ.

"ರೀ, ಆ ಕಡೆ."

"ಓ, ಹೌದಲ್ವಾ" ಎಂದು ನಕ್ಕರು. ಪ್ರತಿ ಸಲ ಅದೇ ನಗು.

ಅಪಘಾತದ ವರದಿ ಓದಿದೆ. ಬ್ರೇಕು ಹೋದ ಮೇಲೆ ಡ್ರೈವರ್ ಎದುರು ಲೇನಿಗೆ ನುಗ್ಗಿದನಂತೆ. ಮೇಲಕ್ಕೆ ಬರುತ್ತಿದ್ದ ಬಾಳೆಕಾಯಿ ಲಾರಿ ಹೊಡೆದು ವ್ಯಾನನ್ನು ಕಣಿವೆಗೆ ನೂಕಿತು. 'ಚಾಲಕನ ತಪ್ಪು' ಎಂದು ಷರಾ. ಬ್ರೇಕು ಹೋದರೆ ಬುದ್ಧಿಯೂ ಹೋಗಬೇಕೇ? ಇಂಥವನ ಕೈಗೆ ಹನ್ನೊಂದು ಮಕ್ಕಳನ್ನು ಕೊಟ್ಟಿದ್ದರು.

ಫೆಬ್ರುವರಿ 27, ಗುರುವಾರ

ಗೆದ್ದೆ!

ಹದಿನೈದು ದಿನದಿಂದ ರಾಘವನ ಜೊತೆ ಜಟಾಪಟಿ. ನನಗೆ ಬೇಕಾಗಿದ್ದು ಒಂದೇ, ಜಲ್ಲಿಯ ರಾಂಪು. ಇಳಿಜಾರಿನಲ್ಲಿ ಬ್ರೇಕು ಹೋದ ಗಾಡಿ ರಸ್ತೆ ಬಿಟ್ಟು ಬೆಟ್ಟದ ಮಗ್ಗುಲಿಗೆ ಏರುವ ಒಂದು ಕವಲು. ಅದರ ತುಂಬ ಮಂಡಿಯುದ್ದ ಸಡಿಲ ಜಲ್ಲಿ. ಚಕ್ರ ಹೂತು ಗಾಡಿ ತಾನಾಗಿಯೇ ನಿಲ್ಲುತ್ತದೆ. ಇದಕ್ಕಿಂತ ಸರಳವಾದದ್ದು ಇನ್ನೇನಿದೆ?

"ಮೇಡಂ, ಅದು ಸ್ಕೋಪಲ್ಲೇ ಇಲ್ಲ. ಕ್ಲೈಂಟೂ ಕೇಳಿಲ್ಲ" ಎಂದ.

"ಸತ್ತ ಮಕ್ಕಳು ಬಂದು ಅಪ್ಲಿಕೇಶನ್ ಹಾಕ್ಬೇಕೇನಪ್ಪಾ?"

"ಹಾಗಲ್ಲ ಮೇಡಂ. ಶೆಡ್ಯೂಲ್ ನೋಡಿ."

"ನೀನೇ ನೋಡ್ಕೋ. ರಾಂಪಿಲ್ದೆ ಇದ್ರೆ ಈ ನಕ್ಷೆಗೆ ನನ್ನ ಸಹಿ ಬೀಳಲ್ಲ."

ಮೀಟಿಂಗ್ ರೂಮಿನಲ್ಲಿ ಕೂತಿದ್ದವರೆಲ್ಲ ತಮ್ಮ ತಮ್ಮ ಲ್ಯಾಪ್‌ಟಾಪ್ ನೋಡಿಕೊಂಡರು. ನನ್ನ ಎದುರು ಬಾಯಿ ಬಿಡುವ ಗಂಡಸು ಈ ಕಂಪನಿಯಲ್ಲಿ ಇನ್ನೂ ಹುಟ್ಟಿಲ್ಲ. ಕೊನೆಗೆ ಇವತ್ತು ಒಪ್ಪಿದ. ಡ್ರಾಫ್ಟಿಂಗ್‌ನವರಿಗೆ ಬಿಡದೆ ನಾನೇ ಪೆನ್ಸಿಲ್ ಹಿಡಿದು ಬರೆದುಕೊಟ್ಟೆ. ಜಾಗ ಹತ್ತೊಂಬತ್ತನೆಯ ತಿರುವು, ವ್ಯಾನು ಬಿದ್ದ ಜಾಗವೇ. ಅಲ್ಲಿ ಬೆಟ್ಟದಿಂದ ಒಂದು ದಿಬ್ಬ ರಸ್ತೆಯವರೆಗೂ ಚಾಚಿದೆ, ದೇವರೇ ರಾಂಪಿಗೆಂದು ಮಾಡಿಟ್ಟ ಹಾಗೆ.

ಮಾರ್ಚ್ 14, ಶುಕ್ರವಾರ

ಮೈ ಉರಿಯುತ್ತಿದೆ. ದ್ವೀಪದ ಲೋಕೋಪಯೋಗಿ ಇಲಾಖೆಯಲ್ಲಿ ಡೆಲ್ಫೀನ್ ಎಂಬ ಎಂಜಿನಿಯರ್ ಹುಡುಗಿ ಇದ್ದಾಳೆ. ನಮ್ಮ ನಕ್ಷೆ ನೋಡಿ ಮೇಲ್ ಕಳಿಸಿದ್ದಾಳೆ: 'ರಾಂಪಿನ ಯೋಚನೆ ತುಂಬ ಚೆನ್ನಾಗಿದೆ. ನಮ್ಮ ರಸ್ತೆ ಮೇಸ್ತ್ರಿ ಮಿಸ್ಟರ್ ಆಗಸ್ಟಿನ್ ಅದನ್ನು ಇಪ್ಪತ್ತೆರಡನೆಯ ತಿರುವಿನಲ್ಲಿ ಹಾಕಬೇಕು ಅನ್ನುತ್ತಾರೆ. ದಯವಿಟ್ಟು ಪರಿಶೀಲಿಸಿ.'

ಕಾರಣ? ಕಾರಣ ಇಲ್ಲ. ಮೇಸ್ತ್ರಿ ಅನ್ನುತ್ತಾನೆ, ಅಷ್ಟೆ. ಎಪ್ಪತ್ತು ದಾಟಿದ ಮುದುಕ, ನಲವತ್ತು ವರ್ಷ ಆ ರಸ್ತೆಯ ಗುಂಡಿ ಮುಚ್ಚಿದ್ದಾನಂತೆ. ಮುಚ್ಚಿದ ಚಂದ ಡ್ರೋನ್ ಚಿತ್ರದಲ್ಲಿ ಕಾಣುತ್ತಿದೆ. ಪಿ.ಡಬ್ಲ್ಯೂ.ಡಿ.ಯಲ್ಲೂ ಇಂಥವರನ್ನು ನೋಡಿದ್ದೇನೆ. ಹೆಣ್ಣು ಎಂಜಿನಿಯರ್ ಎಂದು ತಿಳಿದ ಕೂಡಲೇ ಪ್ರತಿ ಮೇಸ್ತ್ರಿಗೂ ಒಂದು ಅಭಿಪ್ರಾಯ ಹುಟ್ಟುತ್ತದೆ.

ಮಾರ್ಚ್ 17, ಸೋಮವಾರ

ಎರಡು ಪುಟ ಬರೆದು ಕಳಿಸಿದೆ. ಇಪ್ಪತ್ತೆರಡು ಇರುವುದು ಹತ್ತೊಂಬತ್ತಕ್ಕಿಂತ ಮೇಲೆ. ಇಳಿಯುವ ಗಾಡಿಗೆ ಅಷ್ಟು ಬೇಗ ತನ್ನ ಬ್ರೇಕು ಹೋಗಿದ್ದು ಗೊತ್ತಾಗುವ ಖಾತ್ರಿಯಿಲ್ಲ. ಅಲ್ಲಿ ಬಂಡೆ ಒಡೆಯಬೇಕು. ಹತ್ತೊಂಬತ್ತರಲ್ಲಿ ಏರು ತಾನಾಗಿಯೇ ಇದೆ. ಎಲ್ಲಕ್ಕೂ ಲೆಕ್ಕ, ಕೋಷ್ಟಕ, ಪ್ರಮಾಣಗ್ರಂಥದ ಪುಟಸಂಖ್ಯೆ ಕೊಟ್ಟೆ. ಕೊನೆಯಲ್ಲಿ 'ಸ್ಥಳೀಯ ಅನುಭವಕ್ಕೆ ಗೌರವವಿದೆ, ಆದರೆ ಎಂಜಿನಿಯರಿಂಗ್ ಅನಿಸಿಕೆಯ ಮೇಲೆ ನಡೆಯುವುದಿಲ್ಲ' ಎಂದು ಸೇರಿಸಿದೆ. ರಾಘವ್ ಆ ವಾಕ್ಯ ತೆಗೆಯೋಣವೇ ಅಂದ. ತೆಗೆಯಲಿಲ್ಲ.

ಸಂಜೆ ಡೆಲ್ಫೀನಳ ಉತ್ತರ ಬಂತು. 'ನಿಮ್ಮ ಪತ್ರವನ್ನು ಮಿಸ್ಟರ್ ಆಗಸ್ಟಿನ್‌ಗೆ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ.'

ಏನಿದೆ ಅನ್ನುವುದಕ್ಕೆ?

ಮಾರ್ಚ್ 30, ಭಾನುವಾರ

ಯುಗಾದಿ. ಕನ್ನಡ ಸಂಘದವರು ಮಿಸ್ಸಿಸಾಗದಲ್ಲಿ ಹಾಲ್ ಹಿಡಿದಿದ್ದರು. ಒಬ್ಬಟ್ಟು ತಣ್ಣಗಿತ್ತು, ಭಾಷಣ ಉದ್ದವಿತ್ತು. ಸಂಘದಲ್ಲಿ ರಾಘವನಿಗೆ ನಾನು ಮೇಡಂ ಅಲ್ಲ, ಆಂಟಿ. ತಟ್ಟೆ ಹಿಡಿದು ಬಂದು ಎಲ್ಲರೆದುರು, "ನಮ್ಮ ವೇದವತಿ ಆಂಟಿ ಇಲ್ದೇ ಇದ್ದಿದ್ರೆ ಆ ರಸ್ತೆಲಿ ರಾಂಪೇ ಇರ್ತಿರ್ಲಿಲ್ಲ. ಫುಲ್ ಕ್ರೆಡಿಟ್ ಅವ್ರಿಗೇ" ಎಂದ. ಕ್ಲೈನ್‌ಬರ್ಗಿನಿಂದ ಬಂದಿದ್ದ ನಿವೃತ್ತ ಡಾಕ್ಟರ್ ಉಮಾಶಂಕರ್ ಎದ್ದು ನಿಂತು ಕೈ ಮುಗಿದರು. ನಕ್ಷೆಗಳಿಗೆ ಶುಕ್ರವಾರವೇ ಸಹಿ ಹಾಕಿ ಮುದ್ರೆ ಒತ್ತಿದ್ದೆ. ಒಪ್ಪಿಕೊಳ್ಳುತ್ತೇನೆ, ಸಂತೋಷವಾಯಿತು.

ಮೇ 21, ಬುಧವಾರ

ಏಳು ವಾರ ಬರೆಯಲಿಲ್ಲ. ಬೈಯುವಂಥದ್ದು ಇರಲಿಲ್ಲ, ಇವತ್ತು ಸಿಕ್ಕಿತು.

ಡೆಲ್ಫೀನ್ ಕಾಮಗಾರಿಯ ಫೋಟೋ ಕಳಿಸಿದ್ದಳು. ಕಂಟ್ರಾಕ್ಟರ್ ಮಹಾಶಯ ರಾಂಪಿಗೆ ಕ್ರಷರ್ ಜಲ್ಲಿ ತುಂಬಿಸಿದ್ದಾನೆ. ಚೂಪು ಮೂಲೆಯ ಜಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತದೆ, ಚಕ್ರ ಅದರ ಮೇಲೆ ಹಾಯಾಗಿ ಓಡಿಹೋಗುತ್ತದೆ. ಬೇಕಾದ್ದು ಹೊಳೆಯ ಗುಂಡುಕಲ್ಲು, ಅವರೆಕಾಳಿನಂತೆ ಉರುಳಬೇಕು. ಫೋನಿನಲ್ಲಿ ಕಂಟ್ರಾಕ್ಟರನಿಗೆ ಇಪ್ಪತ್ತು ನಿಮಿಷ ಉಗಿದೆ. ಅಷ್ಟನ್ನೂ ತೆಗೆದು ಹೊಸದಾಗಿ ತುಂಬಿಸುವುದಕ್ಕೆ ಒಪ್ಪಿದ. ಆ ಆಗಸ್ಟಿನ್ ತಾನೇ ಹೊಳೆಗೆ ಹೋಗಿ ನಿಂತು ಕಲ್ಲು ಜರಡಿ ಹಿಡಿಸುತ್ತೇನೆ ಅಂದನಂತೆ. ಅಷ್ಟು ಮಾಡಲಿ.

ಒಂದು ಹರಳನ್ನೂ ಬಿಡದೆ ನೋಡುವವಳು ನಾನೊಬ್ಬಳೇ. ಉಳಿದವರಿಗೆ ಸಂಬಳ ಬಂದರೆ ಸಾಕು.

ಜೂನ್ 22, ಭಾನುವಾರ

ನಿಧಿಯ ಜೊತೆ ಪೋರ್ಟ್ ಕ್ರೆಡಿಟ್ಟಿನಲ್ಲಿ ಸರೋವರದ ದಂಡೆಯ ಮೇಲೆ ನಡೆದೆವು. ಅವಳ ಕಾಂಡೋ ಫ್ಲ್ಯಾಟು ಅಲ್ಲೇ ಹತ್ತಿರ. ಮಗಳಿಗೆ ಮೇಸ್ತ್ರಿಯ ಕಥೆಯನ್ನೆಲ್ಲ ಹೇಳಿ ನಗಿಸೋಣವೆಂದರೆ ನಗಲಿಲ್ಲ.

"ವೈ ಟ್ವೆಂಟಿಟೂ?" ಎಂದಳು.

"ಅವನಿಗೆ ಹಾಗನ್ನಿಸ್ತು. ನನಗೇನು ಗೊತ್ತು?"

"ಯು ಡಿಡ್ನ್ಟ್ ಆಸ್ಕ್?"

"ಕೇಳೋದೇನಿದೆ? ಲೆಕ್ಕ ಇದ್ಯಲ್ಲ."

"ಅಮ್ಮ, ಯು ನೆವರ್ ಆಸ್ಕ್. ಯು ಜಸ್ಟ್ ಟೆಲ್."

ಹೆತ್ತು ಹೊತ್ತು ಓದಿಸಿದ್ದಕ್ಕೆ ಇದು. ಐಸ್‌ಕ್ರೀಮ್ ಬೇಡವೆಂದೆ. ಅವಳು ತಾನೊಬ್ಬಳೇ ತಿಂದಳು.

ಆಗಸ್ಟ್ 9, ಶನಿವಾರ

ಮಧ್ಯಾಹ್ನ ಊಟವಾದ ಮೇಲೆ ಡೆಲ್ಫೀನ್ ಕಳಿಸಿದ್ದ ವಿಡಿಯೊವನ್ನು ಟಿ.ವಿ.ಗೆ ಹಾಕಿಕೊಂಡು ನೋಡಿದೆ. ಹೊಸ ಸ್ಕೂಲ್ ವ್ಯಾನನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಓಡಿಸಿ ನೋಡಿದ್ದಾರೆ, ಹಿಂದಿನ ಸೀಟಿನಲ್ಲಿ ಕೂತು ಯಾರೋ ಫೋನಿನಲ್ಲಿ ತೆಗೆದಿದ್ದಾರೆ. ಗುರುವಾರವೇ ಬಂದಿತ್ತು. ಆಫೀಸಿನಲ್ಲಿ ಮೂರು ಸಲ ನೋಡಿದ್ದೆ, ಗಾರ್ಡ್‌ರೈಲಿನ ಬೋಲ್ಟು ಎಣಿಸಿದ್ದೆ. ಇವರಿಗೂ ತೋರಿಸೋಣ, ನನ್ನ ರಾಂಪನ್ನು ನೋಡಲಿ ಎಂದು ಕರೆದೆ.

ಮಜ್ಜಿಗೆಯ ಲೋಟ ಹಿಡಿದುಕೊಂಡು ಬಂದು ಕೂತರು.

"ನಮ್ಮೂರ ಥರಾನೇ ಇದೆಯಲ್ಲೇ ವೇದಾ. ಡ್ರೈವರು ಬಲಗಡೆ ಕೂತಿದಾನೆ."

"ಹ್ಞೂ. ಬ್ರಿಟಿಷರು ಆಳಿದ ಜಾಗ. ಎಡಗಡೇಲೇ ಓಡಿಸ್ತಾರೆ. ಈಗ ನೋಡಿ, ಹತ್ತೊಂಬತ್ತು ಬರುತ್ತೆ. ಅಗೋ, ಅದೇ."

ನೋಡಿದರು. ಒಂದು ಗುಟುಕು ಮಜ್ಜಿಗೆ ಕುಡಿದರು.

"ಈ ಜಲ್ಲಿ ದಾರಿ ಬಲಗಡೆ ಇದ್ಯಲ್ಲ. ಎಡಗಡೆ ಹೋಗ್ತಿರೋನು ಅಲ್ಲಿಗೆ ಹೆಂಗೆ ಹೋಗ್ತಾನೆ? ಎದುರಿಂದ ಗಾಡಿ ಬಂದ್ರೆ?"

"ನಿಮಗೆ ತಿಳಿಯಲ್ಲ, ಸುಮ್ನಿರಿ" ಎಂದೆ.

ಹಾಗೆಯೇ ಅಂದೆ. ಅದನ್ನೂ ಬರೆದಿಡುತ್ತೇನೆ. ಆಮೇಲೆ ವಿಡಿಯೊ ಹಿಂದಕ್ಕೆ ಎಳೆದು ಮತ್ತೆ ಹಾಕಿದೆ. ವ್ಯಾನು ಎಡಗಡೆಯಲ್ಲಿ ಇಳಿಯುತ್ತಿದೆ. ಎಡಕ್ಕೆ ಕಣಿವೆ. ಬಲಕ್ಕೆ ಎದುರು ಲೇನು, ಅದರಾಚೆ ಬೆಟ್ಟ, ಬೆಟ್ಟದ ಮಗ್ಗುಲಲ್ಲಿ ನನ್ನ ರಾಂಪು. ಅಷ್ಟರಲ್ಲಿ ತಿರುವಿನ ಮರೆಯಿಂದ ಒಂದು ಪಿಕಪ್ ಏರಿಬಂತು, ಸರಿಯಾಗಿ ರಾಂಪಿನ ಬಾಯಿಯ ಮುಂದೆಯೇ ಹಾದು ಹೋಯಿತು. ಬ್ರೇಕು ಇಲ್ಲದ ವ್ಯಾನು ಆ ರಾಂಪಿಗೆ ಹೋಗಬೇಕಾದರೆ ಆ ಪಿಕಪ್ಪಿಗೆ ಗುದ್ದಬೇಕು.

ಇಪ್ಪತ್ತೆರಡನೆಯದನ್ನು ನೋಡಿದೆ. ಅಲ್ಲಿ ರಸ್ತೆ ಹಿಂದಕ್ಕೆ ತಿರುಗುತ್ತದೆ. ಬೆಟ್ಟ ಎಡಕ್ಕಿದೆ. ಇಳಿಯುವವನ ಕೈಯಳತೆಯಲ್ಲಿದೆ.

ನಕ್ಷೆಯ ನಲವತ್ತೊಂದು ತಿರುವಿನ ಪ್ರತಿ ಬಾಣವೂ ಎಡಗಡೆ ಇದೆಯೇ ಎಂದು ನಾನೇ ನೋಡಿ ಟಿಕ್ ಹಾಕಿದ್ದೇನೆ. ಒಂದು ಬಾಣ ತಪ್ಪಿದ್ದಕ್ಕೆ ಡ್ರಾಫ್ಟಿಂಗ್ ಹುಡುಗಿ ಮಹಿಮಾಳನ್ನು ಬೈದು ಅಳಿಸಿದ್ದೇನೆ. ಆಮೇಲೆ ಪೆನ್ಸಿಲ್ ಹಿಡಿದು ಕೂತು, ದಿನಾ ಇಲ್ಲಿನ ಹೈವೇಯ ಬಲಗಡೆ ಓಡಿಸಿಕೊಂಡು ಆಫೀಸಿಗೆ ಹೋಗಿ ಬರುವ ಕೈ ಬರೆದ ಹಾಗೆ ಬರೆದಿದ್ದೇನೆ. ಚೆಕ್ ಮಾಡುವವಳು ಬರೆದದ್ದನ್ನು ಯಾರು ಚೆಕ್ ಮಾಡುತ್ತಾರೆ?

ಆಗಸ್ಟ್ 10, ಭಾನುವಾರ

ಅಪಘಾತದ ವರದಿ ಮತ್ತೆ ತೆಗೆದೆ. ಡ್ರೈವರ ಹೆಸರು ರೇಮಂಡ್. ವಯಸ್ಸು ಐವತ್ತೆರಡು. ಇಪ್ಪತ್ತಾರು ವರ್ಷ ಆ ದಾರಿಯಲ್ಲಿ ಓಡಿಸಿದವರು. ಬ್ರೇಕು ಹೋದದ್ದು ಗೊತ್ತಾದಾಗ ಎಡಕ್ಕೆ ಕಣಿವೆ, ಬಲಕ್ಕೆ ಬೆಟ್ಟ. ವ್ಯಾನನ್ನು ಬೆಟ್ಟಕ್ಕೆ ಉಜ್ಜಿ ನಿಲ್ಲಿಸೋಣವೆಂದು ಬಲಕ್ಕೆ ಎಳೆದಿದ್ದಾರೆ. ಎದುರಿಗೆ ಲಾರಿ ಬಂತು. ಹನ್ನೊಂದು ಮಕ್ಕಳ ಜೀವ ಉಳಿಸುವುದಕ್ಕೆ ಅವರಿಗಿದ್ದದ್ದು ಅದೊಂದೇ ದಾರಿ. ಅವರ ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ.

ನಾನು ಮಾಡಿರುವುದೇನು? ಯಾವ ಹಾದಿಯಲ್ಲಿ ಅವರು ಸತ್ತರೋ ಅದೇ ಹಾದಿಗೆ ಬೋರ್ಡು ಹಾಕಿ, ಬಣ್ಣ ಬಳಿದು, 'ಬ್ರೇಕು ಹೋದವರು ಈ ಕಡೆ ಬನ್ನಿ' ಎಂದು ಕರೆದಿದ್ದೇನೆ. ಗುಂಡುಕಲ್ಲು ಹಾಕಿಸಿ.

ಆಗಸ್ಟ್ 11, ಸೋಮವಾರ

ಬೆಳಿಗ್ಗೆ ಎಂಟಕ್ಕೇ ರಾಘವನ ಕೋಣೆಗೆ ಹೋಗಿ ಹೇಳಿದೆ. ಪರದೆಯ ಮೇಲೆ ನೋಡಿದ.

"ನೀನು ಅಲ್ಲಿಗೆ ಹೋಗಿದ್ಯಲ್ಲೋ! ಮೂರು ದಿನ ಟ್ಯಾಕ್ಸೀಲಿ ಓಡಾಡಿದ್ಯಲ್ಲ! ನಿನಗೂ ಕಾಣ್ಲಿಲ್ವಾ?"

ಪರದೆ ಆರಿಸಿದ. ಆಮೇಲೆ, "ಡೌಟ್ ಬಂದಿತ್ತು ಮೇಡಂ" ಎಂದ.

"ಬಂದಿತ್ತಾ?"

"ಮಾರ್ಚಲ್ಲೇ. ಒಂದ್ಸಲ. ಆದ್ರೆ ಅದು ನಿಮ್ಮ ಸ್ಕೆಚ್ಚು. ನೀವು ಹಾಕಿದೀರಿ ಅಂದ್ರೆ ಏನೋ ರೀಸನ್ ಇರುತ್ತೆ ಅನ್ಕೊಂಡೆ. ಆ ಎರಡು ಪೇಜ್ ಲೆಟರ್ ಓದಿದ್ ಮೇಲಂತೂ... ನಿಮ್ಮನ್ನ ಕೇಳೋಕೆ ಯಾರಿಗ್ ಮೇಡಂ ಧೈರ್ಯ ಇದೆ ಇಲ್ಲಿ?"

ಹೇಡಿ ಎಂದು ಬಾಯಿಗೆ ಬಂತು. ಅಂದೂಬಿಟ್ಟೆ. ಅವನು ತಲೆ ತಗ್ಗಿಸಿದ. ನಲವತ್ತರ ಗಂಡಸು ಸ್ಕೂಲ್ ಹುಡುಗನ ಹಾಗೆ ತಲೆ ತಗ್ಗಿಸಿದ್ದನ್ನು ನೋಡಿ ಅಲ್ಲಿ ನಿಲ್ಲಲಾಗಲಿಲ್ಲ.

ಆಗಸ್ಟ್ 12, ಮಂಗಳವಾರ

ಕಂಪನಿಯ ಮೇಲಿನವರು, ವಕೀಲರು, ನಾನು. ಎರಡು ಗಂಟೆ.

ಅವರು ಹೇಳಿದ್ದರ ಸಾರ ಇಷ್ಟು. ನಕ್ಷೆಯನ್ನು ದ್ವೀಪದ ಇಲಾಖೆಯೇ ಒಪ್ಪಿ ಸಹಿ ಮಾಡಿದೆ. ಕೆಲಸ ನಕ್ಷೆಯಂತೆಯೇ ಆಗಿದೆ. ಇಪ್ಪತ್ತೆರಡರಲ್ಲಿ 'ಹೆಚ್ಚುವರಿ' ರಾಂಪೊಂದನ್ನು ಮುಂದಿನ ವರ್ಷದ ಸುಧಾರಣೆ ಎಂದು ಸೂಚಿಸೋಣ. ತಪ್ಪು ಎಂಬ ಶಬ್ದ ಯಾವ ಇ-ಮೇಲಿನಲ್ಲೂ ಬರಕೂಡದು.

"ಸೆಪ್ಟೆಂಬರ್ ಒಂದಕ್ಕೆ ವ್ಯಾನ್ ಹೊರಡುತ್ತೆ" ಎಂದೆ.

"ಬ್ರೇಕು ದಿನಾ ಹೋಗುವುದಿಲ್ಲವಲ್ಲ" ಎಂದರು ವಕೀಲರು. ಮೃದುವಾಗಿಯೇ ಅಂದರು. ಕಾಫಿ ಬೇಕೇ ಎಂದು ಕೇಳುವ ದನಿಯಲ್ಲಿ.

ಇಷ್ಟು ವರ್ಷ ನಾನು ಸಿಟ್ಟು ಎಂದುಕೊಂಡಿದ್ದೆಲ್ಲ ಬರೀ ಗೊಣಗಾಟ. ಇವತ್ತು ಬಂದದ್ದು ಸಿಟ್ಟು. ನನ್ನ ಫೈಲು ಎತ್ತಿಕೊಂಡು ಎದ್ದುಬಂದೆ.

ಆಗಸ್ಟ್ 13, ಬುಧವಾರ

ರಜೆ ಹಾಕಿದೆ. ಅಡುಗೆಮನೆಯ ಮೇಜಿನ ಮುಂದೆ ಕೂತು ಪತ್ರ ಬರೆದೆ. ಒಂದೇ ಪುಟ. ಕೋಷ್ಟಕ ಇಲ್ಲ.

ಹತ್ತೊಂಬತ್ತನೆಯ ತಿರುವಿನ ರಾಂಪು ರಸ್ತೆಯ ತಪ್ಪು ಮಗ್ಗುಲಲ್ಲಿದೆ. ಅದನ್ನು ನಾನೇ ಬರೆದೆ, ನಾನೇ ಮುದ್ರೆ ಒತ್ತಿದೆ. ಅದನ್ನು ನಂಬಿ ವ್ಯಾನು ಓಡಿಸಬೇಡಿ, ಅದರ ಬಾಯಿಯನ್ನು ಇವತ್ತೇ ಮುಚ್ಚಿ. ಸರಿಯಾದ ಜಾಗ ಇಪ್ಪತ್ತೆರಡು. ಇದನ್ನು ಮಿಸ್ಟರ್ ಆಗಸ್ಟಿನ್ ಮಾರ್ಚಿನಲ್ಲೇ ತಿಳಿಸಿದ್ದರು, ನಾನು ತಳ್ಳಿಹಾಕಿದೆ. ರೇಮಂಡ್ ಅವರ ಮೇಲಿನ ಷರಾ ತಪ್ಪು, ಅದನ್ನು ತೆಗೆಯಬೇಕು.

ದ್ವೀಪದ ಇಲಾಖೆಗೊಂದು, ನನ್ನ ಲೈಸೆನ್ಸು ಕೊಟ್ಟ ಸಂಸ್ಥೆಗೊಂದು, ಕಂಪನಿಗೊಂದು ಪ್ರತಿ.

ಕಳಿಸುವ ಮೊದಲು ಇವರಿಗೆ ಓದಿ ಹೇಳಿದೆ. ಎಷ್ಟೋ ವರ್ಷದ ಮೇಲೆ ನನ್ನ ಬರಹ ಇವರಿಗೆ ಓದಿದ್ದು.

"ಲೈಸೆನ್ಸ್ ಹೋಗುತ್ತಾ?" ಎಂದರು.

"ಹೋಗ್ಬಹುದು. ಏನ್ ಮಾಡ್ಲಿ ರೀ?"

ಕನ್ನಡಕ ತೆಗೆದು ಒರೆಸಿಕೊಂಡರು. "ವ್ಯಾನು ಒಂದನೇ ತಾರೀಕು ಹೊರಡುತ್ತೆ ಅಂದ್ಯಲ್ಲ. ಮೊದಲು ಕಳಿಸು."

ಆಗಸ್ಟ್ 15, ಶುಕ್ರವಾರ

ಆಫೀಸಿನ ಕಾರ್ಡು ವಾಪಸ್ ಕೊಟ್ಟೆ. ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದರು. ಮಹಿಮಾ ಬಾಗಿಲವರೆಗೂ ಬಂದಳು. ಫೆಬ್ರುವರಿಯಲ್ಲಿ ಅವಳನ್ನು ಅಳಿಸಿದ್ದಕ್ಕೆ ಕ್ಷಮೆ ಕೇಳೋಣವೆಂದುಕೊಂಡೆ, ಕೇಳದೆಯೇ ಹೋಗಿ ಕಾರು ಹತ್ತಿದೆ.

ಆಗಸ್ಟ್ 26, ಮಂಗಳವಾರ

ಹದಿಮೂರು ದಿನ ಆಯಿತು. ದ್ವೀಪದಿಂದ ಉತ್ತರವಿಲ್ಲ. ಮಂತ್ರಿಗಳು ರಿಬ್ಬನ್ ಕತ್ತರಿಸುವ ದಿನ ಹಾಗೆಯೇ ಇದೆಯಂತೆ. ಕಂಪನಿಯವರು ನನ್ನ ಪತ್ರ 'ವೈಯಕ್ತಿಕ ಅಭಿಪ್ರಾಯ' ಎಂದು ಬರೆದಿದ್ದಾರಂತೆ. ಅಭಿಪ್ರಾಯ! ಬಲ ಯಾವುದು ಎಡ ಯಾವುದು ಎಂಬುದೂ ಅಭಿಪ್ರಾಯವಾಯಿತು.

ತಡೆಯಲಾರದೆ ಡೆಲ್ಫೀನಳಿಗೆ ಫೋನ್ ಮಾಡಿದೆ. ಪಿಸುದನಿಯಲ್ಲಿ ಮಾತಾಡಿದಳು. ಪತ್ರ ಕಾರ್ಯದರ್ಶಿಯ ಮೇಜಿನ ಮೇಲಿದೆ, ಅವಳ ಕೈ ಮೀರಿದೆ.

"ಮಿಸ್ಟರ್ ಆಗಸ್ಟಿನ್ ಅವರಿಗೆ ಗೊತ್ತೇ?" ಎಂದು ಕೇಳಿದೆ.

"ನಾನು ಓದಿ ಹೇಳಿದೆ."

"ಏನಂದರು?"

"ಭಾನುವಾರ ಚರ್ಚು ಮುಗಿದ ಮೇಲೆ ಊರಿನವರು ಸೇರುತ್ತಾರೆ. ನೀವು ಫೋನಿನಲ್ಲಿ ಬರುತ್ತೀರಾ ಎಂದು ಕೇಳಿದರು."

ಆಗಸ್ಟ್ 31, ಭಾನುವಾರ

ಮಧ್ಯಾಹ್ನ ಹನ್ನೆರಡೂವರೆ. ಡೆಲ್ಫೀನ್ ಫೋನನ್ನು ಚರ್ಚಿನ ಸ್ಪೀಕರಿಗೆ ಜೋಡಿಸಿದ್ದಳು. ನನಗೆ ಯಾರ ಮುಖವೂ ಕಾಣುತ್ತಿರಲಿಲ್ಲ. ಬೆಂಚು ಎಳೆಯುವ ಸದ್ದು, ಒಂದು ಮಗುವಿನ ಅಳು. ಇಲಾಖೆಯ ಅಧಿಕಾರಿಯೊಬ್ಬರು ಮೊದಲು ಮಾತಾಡಿದರು. ರಸ್ತೆ ಅಂತರರಾಷ್ಟ್ರೀಯ ಗುಣಮಟ್ಟದ್ದು, ಕೆನಡಾದ ಕಂಪನಿಯೇ ಖಾತ್ರಿ ಕೊಟ್ಟಿದೆ, ಫೋನಿನಲ್ಲಿರುವ ಮೇಡಂ ತಮ್ಮ ವೈಯಕ್ತಿಕ ಅಭಿಪ್ರಾಯ ಹೇಳುತ್ತಾರೆ ಎಂದರು.

ಉತ್ತರ ಕೊಡಲು ನಾಲ್ಕು ಹಾಳೆಯ ಟಿಪ್ಪಣಿ ಮಾಡಿಕೊಂಡು ಕೂತಿದ್ದೆ. ಅಷ್ಟರಲ್ಲಿ ಒಬ್ಬ ಹೆಂಗಸಿನ ದನಿ ಬಂತು. ಅವರ ಮಗಳು ಆ ವ್ಯಾನಿನಲ್ಲಿದ್ದವಳಂತೆ, ಬದುಕಿದವಳು. ಈಗ ಹದಿಮೂರು ವರ್ಷ.

"ನನಗೆ ಗುಣಮಟ್ಟ ಗೊತ್ತಿಲ್ಲ. ಒಂದೇ ಮಾತು ಕೇಳುತ್ತೇನೆ. ನಿಮಗೆ ಮಕ್ಕಳಿದ್ದಾರೆಯೇ?"

"ಒಬ್ಬಳು ಮಗಳು."

"ನಾಳೆ ಬೆಳಿಗ್ಗೆ ಅವಳನ್ನು ಆ ವ್ಯಾನಿಗೆ ಹತ್ತಿಸುತ್ತೀರಾ?"

"ಇಲ್ಲ" ಎಂದೆ. ಟಿಪ್ಪಣಿ ನೋಡಲಿಲ್ಲ. "ಹತ್ತಿಸುವುದಿಲ್ಲ."

ಅಧಿಕಾರಿ ಏನೋ ಹೇಳಹೊರಟರು, ಯಾರೋ ಕೂತುಕೊಳ್ಳಿ ಎಂದು ಗದರಿದರು.

"ಇದನ್ನು ಹೇಳುವುದಕ್ಕೆ ಆಗಸ್ಟ್ ತಿಂಗಳವರೆಗೂ ಯಾಕೆ ಬೇಕಾಯಿತು?" ಎಂದರು ಅದೇ ತಾಯಿ.

"ನನಗೆ ಮಾರ್ಚಿನಲ್ಲೇ ಹೇಳಿದ್ದರು. ನಿಮ್ಮ ಮಿಸ್ಟರ್ ಆಗಸ್ಟಿನ್ ಹೇಳಿದ್ದರು. ನಾನು ಕಾರಣ ಕೇಳಲಿಲ್ಲ."

ಆಗ ಒಂದು ಒಡಕು ದನಿ, ಹತ್ತಿರದಿಂದ. "ನಾನೂ ಹೇಳಲಿಲ್ಲ, ಮೇಡಂ. ಗಾಡಿ ಯಾವ ಕಡೆ ಓಡುತ್ತದೆ ಎಂದು ಎಂಜಿನಿಯರಿಗೆ ಹೇಳುವುದುಂಟೇ ಎಂದುಕೊಂಡೆ."

ಯಾರೂ ನಗಲಿಲ್ಲ.

"ಈಗ ಏನು ಮಾಡಬಹುದು, ಮಿಸ್ಟರ್ ಆಗಸ್ಟಿನ್?" ಎಂದು ಕೇಳಿದೆ.

ಅವರು ಹೇಳುತ್ತಾ ಹೋದರು. ಒಂದು ವ್ಯಾನು ಹಳ್ಳಿಯಿಂದ ಇಪ್ಪತ್ಮೂರನೆಯ ತಿರುವಿನವರೆಗೆ ಬರಲಿ, ಅಷ್ಟು ದೂರ ಇಳಿಜಾರು ಕಡಿಮೆ. ಅಲ್ಲಿ ಮಕ್ಕಳು ಇಳಿಯಲಿ. ಕತ್ತೆಗಳು ಓಡಾಡುತ್ತಿದ್ದ ಹಳೆಯ ಕಾಲುದಾರಿಯೊಂದು ಅಡ್ಡವಾಗಿ ಹದಿನೆಂಟಕ್ಕೆ ಇಳಿಯುತ್ತದೆ, ಹತ್ತು ಹನ್ನೆರಡು ನಿಮಿಷದ ನಡಿಗೆ. ಇವತ್ತು ಸಂಜೆಯೊಳಗೆ ಅದರ ಪೊದೆ ಕಡಿದು ಕೊಡುತ್ತೇವೆ. ಕೆಳಗೆ ಇನ್ನೊಂದು ವ್ಯಾನು ಕಾದಿರಲಿ, ಅಲ್ಲಿಂದಾಚೆಗೂ ಇಳಿಜಾರು ಅಷ್ಟಿಲ್ಲ. ಹತ್ತೊಂಬತ್ತರ ಬಾಯಿಗೆ ಅಡ್ಡಲಾಗಿ ಮರದ ದಿಮ್ಮಿ ಹಾಕೋಣ. ಬಂಡೆ ಒಡೆದು ಇಪ್ಪತ್ತೆರಡು ಸಿದ್ಧವಾಗುವವರೆಗೂ ಹೀಗೆಯೇ ನಡೆಯಲಿ. ಇಪ್ಪತ್ತೆರಡರ ಬಂಡೆ ಮೂರು ಕಡೆ ಬಿರುಕು ಬಿಟ್ಟಿದೆ, ನೀವು ಹೆದರಿದಷ್ಟು ಗಟ್ಟಿಯಿಲ್ಲ. ಮಳೆಗಾಲದಲ್ಲಿ ನೀರು ಎಲ್ಲಿ ಜಿನುಗುತ್ತದೆ, ಮೋರಿ ಎಲ್ಲಿ ಬೇಕು, ಲಾರಿಯವರು ಎಲ್ಲಿ ಗೇರು ಬದಲಿಸುತ್ತಾರೆ.

ಟಿಪ್ಪಣಿಯ ಹಾಳೆಗಳನ್ನು ತಿರುವಿ ಹಿಂಬದಿಯಲ್ಲಿ ಬರೆದುಕೊಂಡೆ. ನಾಲ್ಕೂ ತುಂಬಿದವು. ಮೋರಿಯ ವಿಷಯವನ್ನು ಎರಡು ಸಲ ಹೇಳಿಸಿಕೊಂಡೆ. ಅವರಿಗೆ ಕೆಮ್ಮು ಇದೆ ಎಂದು ಕಾಣುತ್ತದೆ.

ಸೆಪ್ಟೆಂಬರ್ 1, ಸೋಮವಾರ

ಇಲ್ಲಿ ಇವತ್ತು ಲೇಬರ್ ಡೇ ರಜೆ. ಏಳರಿಂದಲೂ ಫೋನ್ ಮುಂದಿಟ್ಟುಕೊಂಡು ಕೂತಿದ್ದೆ. ಇವರು ಎರಡು ಸಲ ಕಾಫಿ ಮಾಡಿ ಕೊಟ್ಟರು, ಎರಡೂ ಆರಿದವು.

ಎಂಟೂ ಇಪ್ಪತ್ತಕ್ಕೆ ಡೆಲ್ಫೀನ್ ಫೋನ್ ಮಾಡಿದಳು. ರಿಬ್ಬನ್ ಕತ್ತರಿಸಲಿಲ್ಲವಂತೆ, ಮಂತ್ರಿಗಳು ಬರಲೇ ಇಲ್ಲ. ಹದಿನೇಳು ಮಕ್ಕಳು ಹೊರಟಿದ್ದರು. ಹದಿನೇಳು ಜನವೂ ಶಾಲೆ ತಲುಪಿದ್ದಾರೆ. ಕಾಲುದಾರಿ ಕೆಸರಂತೆ, ಒಬ್ಬಳ ಹೊಸ ಶೂ ಹೂತುಹೋಯಿತಂತೆ, ಎಲ್ಲರ ಯೂನಿಫಾರಂ ಮಂಡಿಯವರೆಗೆ ಮಣ್ಣು. ದಾರಿಯುದ್ದಕ್ಕೂ ಬೈದುಕೊಂಡೇ ನಡೆದರಂತೆ.

"ಯಾರನ್ನು?" ಎಂದು ಕೇಳಿದೆ.

"ನಿಮ್ಮನ್ನು" ಎಂದಳು.

ಬೈಯಲಿ. ದಿನಾ ಬೈದುಕೊಂಡು ನಡೆಯಲಿ.